ಗ್ಯಾಂಗು ಮೊದಲು ಕೊಡುವುದು ನಗು

506 ಮಂದಿ ಗಂಡಸರನ್ನು ಹುಡುಕಿ ತೆಗೆಯುವ ಕೆಲಸಕ್ಕೆ ಜೋನ್ ಮೆಕಾರ್ಡ್ ಕೈಹಾಕಿದ್ದು 1975ರಲ್ಲಿ. ಎಲ್ಲರಿಗೂ ಆಗ ನಲವತ್ತೈದರ ಆಸುಪಾಸು. ಅಮೆರಿಕದ ಬಾಸ್ಟನ್ ನಗರಕ್ಕೆ ಅಂಟಿಕೊಂಡ ಕೇಂಬ್ರಿಜ್, ಸೋಮರ್‌ವಿಲ್ ಎಂಬ ಪಟ್ಟಣಗಳಲ್ಲಿ ಹುಡುಗರಾಗಿದ್ದಾಗ ಅವರ ಹೆಸರುಗಳು ಒಂದು ಪಟ್ಟಿಗೆ ಸೇರಿದ್ದವು. ಮೂವತ್ತು ವರ್ಷ ಕಳೆದ ಮೇಲೆ ಕೆಲವರು ಊರು ಬಿಟ್ಟಿದ್ದರು, ಕೆಲವರು ಜೈಲು ಸೇರಿದ್ದರು, ಕೆಲವರು ತೀರಿಹೋಗಿದ್ದರು. ಅಪರಾಧಶಾಸ್ತ್ರದ ಸಂಶೋಧಕಿಯಾದ ಮೆಕಾರ್ಡ್ ಕೋರ್ಟಿನ ಕಡತ, ಮಾನಸಿಕ ಆಸ್ಪತ್ರೆಗಳ ದಾಖಲೆ, ಕುಡಿತ ಬಿಡಿಸುವ ಕೇಂದ್ರಗಳ ಪುಸ್ತಕ, ಮರಣ ನೋಂದಣಿ ಎಲ್ಲವನ್ನೂ ಜಾಲಾಡಿ 480 ಮಂದಿಯ ಜಾಡು ಹಿಡಿದರು. ಬದುಕಿದ್ದವರಿಗೆ ಪ್ರಶ್ನೆಪಟ್ಟಿ ಕಳಿಸಿದರು.

ಆ ಪಟ್ಟಿಯ ಅರ್ಧದಷ್ಟು ಹುಡುಗರಿಗೆ 1939ರಿಂದ 1945ರವರೆಗೆ ಒಂದು ಯೋಜನೆಯ ನೆರವು ಸಿಕ್ಕಿತ್ತು. ಅದರಿಂದ ನಿಮಗೆ ಉಪಯೋಗವಾಯಿತೇ ಎಂದು ಮೆಕಾರ್ಡ್ ಕೇಳಿದರೆ, ಉತ್ತರಿಸಿದವರಲ್ಲಿ ಮೂವರಲ್ಲಿ ಇಬ್ಬರು ಹೌದು ಎಂದರು. ಆಗ ಮನೆಗೆ ಬರುತ್ತಿದ್ದ ಸಲಹೆಗಾರರನ್ನು ಎಷ್ಟೋ ಮಂದಿ ಪ್ರೀತಿಯಿಂದ ನೆನೆದರು. ಯೋಜನೆ ನಡೆಸಿದವರಿಗೆ ಇದಕ್ಕಿಂತ ಒಳ್ಳೆಯ ಸರ್ಟಿಫಿಕೇಟು ಬೇಕಿರಲಿಲ್ಲ.

ಕಡತಗಳು ಹೇಳಿದ್ದೇ ಬೇರೆ. ನೆರವು ಪಡೆದವರು, ಪಡೆಯದ ತಮ್ಮ ಜೋಡಿಗಳಿಗಿಂತ ಹೆಚ್ಚು ಸಲ ಮತ್ತೆ ಅಪರಾಧಕ್ಕೆ ಇಳಿದಿದ್ದರು. ಅವರಲ್ಲಿ ಕುಡಿತದ ಚಟ ಹೆಚ್ಚಿತ್ತು, ತೀವ್ರ ಮಾನಸಿಕ ಕಾಯಿಲೆ ಹೆಚ್ಚಿತ್ತು. ಸತ್ತವರು ಚಿಕ್ಕ ವಯಸ್ಸಿಗೇ ಸತ್ತಿದ್ದರು. ಮೆಕಾರ್ಡ್ ಇದನ್ನು 1978ರಲ್ಲಿ ಪ್ರಕಟಿಸಿದರು. ಒಳ್ಳೆಯದನ್ನು ಮಾಡಲು ಹೋದರೆ ಹೆಚ್ಚೆಂದರೆ ವ್ಯರ್ಥವಾದೀತು, ಕೆಟ್ಟದ್ದಂತೂ ಆಗದು ಎಂದು ಎಲ್ಲರೂ ನಂಬಿಕೊಂಡಿದ್ದ ಕ್ಷೇತ್ರವದು.

ಕೂಡಿಸಿಕೊಳ್ಳುವವರಿಲ್ಲದ ಹುಡುಗರು ಗ್ಯಾಂಗುಗಳ ಕಡೆ ಯಾಕೆ ವಾಲುತ್ತಾರೆ ಎಂಬುದು ತಿಳಿದುಬಂದ ದಾರಿಗಳಲ್ಲಿ ಮುಖ್ಯವಾದದ್ದೊಂದು ಈ ಎಡವಟ್ಟಿನಿಂದಲೇ ಶುರುವಾಗುತ್ತದೆ. ಆ ಯೋಜನೆಯಲ್ಲಿ ಯಾರೂ ಈ ಪ್ರಶ್ನೆಯನ್ನು ನೇರವಾಗಿ ಕೇಳಿರಲಿಲ್ಲ.

ಯೋಜನೆ ಹುಟ್ಟಿದ್ದು ಡಾ. ರಿಚರ್ಡ್ ಕ್ಲಾರ್ಕ್ ಕ್ಯಾಬಟ್ ಎಂಬವರ ತಲೆಯಲ್ಲಿ. ಬಾಸ್ಟನ್ನಿನ ದೊಡ್ಡ ಆಸ್ಪತ್ರೆಯ ವೈದ್ಯ, ಹಾರ್ವರ್ಡಿನ ಪ್ರಾಧ್ಯಾಪಕ. ಬದುಕಿದ್ದಾಗ ವೈದ್ಯರು ಬರೆದ ರೋಗದ ಹೆಸರನ್ನೂ ಸತ್ತ ಮೇಲೆ ಶವಪರೀಕ್ಷೆಯಲ್ಲಿ ಕಂಡದ್ದನ್ನೂ ಪಕ್ಕಪಕ್ಕ ಇಟ್ಟು, ನಮ್ಮವರು ಎಷ್ಟು ಸಲ ತಪ್ಪುತ್ತಾರೆ ನೋಡಿ ಎಂದು ಸಹೋದ್ಯೋಗಿಗಳ ಕಣ್ಣಿಗೆ ರಾಚುವಂತೆ ತೋರಿಸಿದ ಮನುಷ್ಯ. ಸಮಾಜಸೇವೆಯ ಮೇಲೂ ಅವರಿಗೆ ಅದೇ ಕಣ್ಣು. 1931ರಲ್ಲಿ ಸಮಾಜಸೇವಕರ ರಾಷ್ಟ್ರೀಯ ಸಮ್ಮೇಳನದ ಅಧ್ಯಕ್ಷ ಪೀಠದಿಂದಲೇ, ನೀವು ಮಾಡುವ ಕೆಲಸದಿಂದ ಏನಾಯಿತು ಎಂದು ಅಳೆದು ನೋಡಿ ಎಂದು ಹೇಳಿದ್ದರು. ಹೇಳಿ ಸುಮ್ಮನಾಗಲಿಲ್ಲ. ಸ್ವತಃ ಮಾಡಿ ತೋರಿಸಲು ಹೊರಟರು.

ಶಾಲೆ, ಪೊಲೀಸು, ಚರ್ಚುಗಳಿಂದ ಹುಡುಗರ ಹೆಸರು ತರಿಸಿದರು. ತಂಟೆಕೋರರಷ್ಟೇ ಇದ್ದರೆ ಹುಡುಗರಿಗೆ ಹಣೆಪಟ್ಟಿ ಅಂಟೀತು ಎಂದು ಸಾಧು ಹುಡುಗರ ಹೆಸರನ್ನೂ ಸೇರಿಸಿದರು. ವಯಸ್ಸು, ಮನೆ, ಬೀದಿ, ಸ್ವಭಾವ ಎಲ್ಲದರಲ್ಲೂ ಹೋಲುವ ಇಬ್ಬಿಬ್ಬರನ್ನು ಜೋಡಿ ಮಾಡಿ, ನಾಣ್ಯ ಚಿಮ್ಮಿ, ಒಬ್ಬನಿಗೆ ನೆರವು, ಇನ್ನೊಬ್ಬನಿಗೆ ಏನೂ ಇಲ್ಲ ಎಂದು ತೀರ್ಮಾನಿಸಿದರು. ಕೊನೆಗೆ ಉಳಿದದ್ದು 253 ಜೋಡಿ. ನೆರವಿನ ಪಾಲು ಬಂದವನಿಗೆ ಒಬ್ಬ ಸಲಹೆಗಾರ. ಆತ ಸರಾಸರಿ ತಿಂಗಳಿಗೆರಡು ಸಲ ಮನೆಗೆ ಬರುತ್ತಿದ್ದ. ಪಾಠದಲ್ಲಿ ಹಿಂದಿದ್ದವನಿಗೆ ಮನೆಪಾಠ, ಕಾಯಿಲೆಯಿದ್ದವನಿಗೆ ವೈದ್ಯರು, ಬೇಸಿಗೆ ಬಂತೆಂದರೆ ಹಳ್ಳಿಗಾಡಿನ ಶಿಬಿರ. ಪ್ರತಿ ಭೇಟಿಯಾದ ಮೇಲೂ ಕಂಡದ್ದನ್ನೆಲ್ಲ ಬರೆಸಿ ಕಡತಕ್ಕೆ ಸೇರಿಸಬೇಕಿತ್ತು. ತಾಯಿ ಹೇಗೆ ಮಾತಾಡಿದಳು, ಅಪ್ಪ ಮನೆಯಲ್ಲಿದ್ದನೇ, ಹುಡುಗ ಯಾರ ಜತೆ ಓಡಾಡುತ್ತಾನೆ, ಎಲ್ಲವೂ ಅದರಲ್ಲಿತ್ತು. ಮುಂದೆ ಮೆಕಾರ್ಡ್ ಕೈಗೆ ಸಿಕ್ಕ ನಿಧಿ ಇದು.

ಕ್ಯಾಬಟ್ 1939ರಲ್ಲೇ ತೀರಿಕೊಂಡರು. ಯುದ್ಧ ಬಂದು ಸಲಹೆಗಾರರು ಸೈನ್ಯಕ್ಕೆ ಹೋದರು, ಪೆಟ್ರೋಲಿಗೆ ಪಡಿತರ ಬಂತು, 1945ರ ಹೊತ್ತಿಗೆ ಬಾಗಿಲು ಮುಚ್ಚಿತು. 1951ರಲ್ಲಿ ಬಂದ ಮೊದಲ ವರದಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದಿತು. ಹುಡುಗರು ಇನ್ನೂ ಎಳೆಯರು, ಫಲ ಮುಂದೆ ಬಂದೀತು ಎಂದುಕೊಂಡವರಿದ್ದರು. ಮೆಕಾರ್ಡ್ ಐವತ್ತರ ದಶಕದಲ್ಲೇ ಗಂಡ ವಿಲಿಯಂ ಮೆಕಾರ್ಡ್ ಜತೆ ಆ ಕಡತಗಳನ್ನು ಓದಿ ಒಂದು ಪುಸ್ತಕ ಬರೆದಿದ್ದವರು. ಮತ್ತೆ ಅದೇ ಕಡತಗಳಿಗೆ ಬಂದಾಗ ಅವರಿಗೂ ಇಂಥ ಫಲ ಸಿಗುತ್ತದೆಂಬ ನಿರೀಕ್ಷೆಯಿರಲಿಲ್ಲ.

ಹಾಗಾದರೆ ವಿಷ ಎಲ್ಲಿ ಸೇರಿತು?

1978ರಲ್ಲಿ ಅವರ ಬಳಿ ಊಹೆಗಳಷ್ಟೇ ಇದ್ದವು. ಪರಾವಲಂಬನೆ ಬೆಳೆದಿರಬಹುದು. ಸಲಹೆಗಾರರ ಮಧ್ಯಮವರ್ಗದ ಮೌಲ್ಯಗಳಿಗೂ ಮನೆಯವರ ಮೌಲ್ಯಗಳಿಗೂ ತಾಳೆಯಾಗದೆ ಹುಡುಗ ಎಡಬಿಡಂಗಿಯಾಗಿರಬಹುದು. ಯೋಜನೆ ನಿಂತಾಗ ನಿರಾಸೆಯಾಗಿರಬಹುದು. ಯಾವುದೂ ಅವರಿಗೆ ಸಮಾಧಾನ ಕೊಟ್ಟಂತೆ ಕಾಣುವುದಿಲ್ಲ. ಮುಂದಿನ ವರ್ಷಗಳಲ್ಲಿ ಜೋಡಿಗಳನ್ನು ಬೇರೆ ಬೇರೆ ಬಗೆಯಲ್ಲಿ ವಿಂಗಡಿಸಿ ನೋಡುತ್ತ ಹೋದರು. ಹೆಚ್ಚು ಕಾಲ, ಹೆಚ್ಚು ಬಿರುಸಾಗಿ ನೆರವು ಪಡೆದವರಿಗೆ ಹಾನಿಯೂ ಹೆಚ್ಚು. ಸಹಕರಿಸದೆ ಸಲಹೆಗಾರರನ್ನು ದೂರವಿಟ್ಟ ಮನೆಗಳ ಹುಡುಗರಿಗೆ ಹಾನಿಯೇ ಇಲ್ಲ. ಔಷಧಿಯ ಪ್ರಮಾಣ ಹೆಚ್ಚಿದಂತೆ ಕಾಯಿಲೆಯೂ ಹೆಚ್ಚಿತ್ತೆಂದರೆ ದೋಷ ಔಷಧಿಯಲ್ಲೇ ಇತ್ತು. ಔಷಧಿಯ ಯಾವ ಭಾಗದಲ್ಲಿ ಎಂದು ಹುಡುಕಿದಾಗ ಸಿಕ್ಕಿದ್ದು ಬೇಸಿಗೆ ಶಿಬಿರ. ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋದ ಹುಡುಗರಲ್ಲೇ ಹಾನಿಯ ಬಹುಪಾಲು ಗುಡ್ಡೆಯಾಗಿತ್ತು.

ಶಿಬಿರದಲ್ಲಿ ಏನು ನಡೆಯುತ್ತಿತ್ತು? ಗಾಳಿ, ಬೆಳಕು, ಕೆರೆ, ಆಟ. ಜತೆಗೆ, ಹಿರಿಯರ ಕಣ್ಣು ತಪ್ಪಿದಾಗ ಹುಡುಗರು ಹುಡುಗರೊಡನೆಯೇ ಕಳೆಯುವ ಉದ್ದುದ್ದ ಹೊತ್ತು. ಆ ಹೊತ್ತಿನಲ್ಲಿ ಆಡಿದ ಮಾತಿಗೆ ಕಡತವಿಲ್ಲ. ಅದನ್ನು ಕೇಳಿಸಿಕೊಂಡದ್ದು ಖಂಡದ ಇನ್ನೊಂದು ತುದಿಯಲ್ಲಿ.

ಅಲ್ಲಿಗೆ ಹೋಗುವ ಮುನ್ನ ಲಾಸ್ ಏಂಜಲೀಸಿನ ಒಂದು ಸಂಗತಿ ಹೇಳಿಬಿಡಬೇಕು. ಗ್ಯಾಂಗುಗಳ ಅಧ್ಯಯನ ಆ ಹೊತ್ತಿಗೆ ಹೊಸದೇನೂ ಆಗಿರಲಿಲ್ಲ. ಫ್ರೆಡರಿಕ್ ಥ್ರ್ಯಾಷರ್ 1927ರಲ್ಲೇ ಶಿಕಾಗೋ ನಗರದ 1,313 ಗ್ಯಾಂಗುಗಳನ್ನು ಲೆಕ್ಕಹಾಕಿ ಪುಸ್ತಕ ಬರೆದಿದ್ದರು. ಬೀದಿಯಲ್ಲಿ ಆಡುವ ಮಕ್ಕಳ ಗುಂಪೇ ಇನ್ನೊಂದು ಗುಂಪಿನ ಜತೆ, ಅಂಗಡಿಯವರ ಜತೆ, ಪೊಲೀಸರ ಜತೆ ತಿಕ್ಕಾಟಕ್ಕೆ ಬಿದ್ದು ಗ್ಯಾಂಗಾಗುತ್ತದೆ ಎಂದು ಅವರು ಕಂಡುಕೊಂಡಿದ್ದರು. ಹಾಗಾದರೆ ಆಟವನ್ನು ನಾವೇ ಸರಿಯಾಗಿ ಆಡಿಸೋಣ ಎಂಬ ಯೋಚನೆ ಅಧಿಕಾರಿಗಳಿಗೆ ಬಂದದ್ದು ಸಹಜ. ಅರವತ್ತರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸಿನ ಪ್ರೊಬೇಷನ್ ಇಲಾಖೆಯ ಕಾರ್ಯಕರ್ತರು ಗ್ಯಾಂಗುಗಳ ಬೆನ್ನಿಗೆ ನಿಂತು ವಾರದ ಸಭೆ, ಆಟದ ಪಂದ್ಯ, ಪ್ರವಾಸ ಏರ್ಪಡಿಸಿದರು. ಫಲಿತಾಂಶ ಅಳೆಯಲು ಬಂದ ಮಾಲ್ಕಮ್ ಕ್ಲೈನ್ ಕಂಡದ್ದೇನೆಂದರೆ, ಹೀಗೆ ಕೂಡಿಸಿದಷ್ಟೂ ಗ್ಯಾಂಗು ಗಟ್ಟಿಯಾಯಿತು, ಅಪರಾಧವೂ ಏರಿತು. ಅಷ್ಟೇನೂ ಅಂಟಿಕೊಂಡಿರದ ಹುಡುಗರು ಸಭೆಯ ನೆಪದಲ್ಲಿ ಒಬ್ಬರಿಗೊಬ್ಬರು ಹತ್ತಿರವಾಗಿದ್ದರು. ಕ್ಲೈನ್ ಅವರೇ ಆಮೇಲೆ ಲಾಡಿನೋ ಹಿಲ್ಸ್ ಎಂಬಲ್ಲಿ ತಿರುಗುಮುರುಗು ಮಾಡಿ ನೋಡಿದರು. ಗುಂಪಿನ ಕಾರ್ಯಕ್ರಮ ಬಂದ್, ಒಬ್ಬೊಬ್ಬನಿಗೆ ಬೇರೆ ಬೇರೆ ಕೆಲಸ, ಬೇರೆ ಬೇರೆ ನೆರವು. ಗ್ಯಾಂಗು ಸಡಿಲವಾಯಿತು, ಅಪರಾಧ ಇಳಿಯಿತು. ಗ್ಯಾಂಗನ್ನು ಹಿಡಿದಿಟ್ಟಿರುವುದು ಒಳಗಿನ ಗುರಿಗಿಂತ ಹೊರಗಿನ ಒತ್ತಡ ಎಂದು ಕ್ಲೈನ್ ಬರೆದರು. 1971ರ ಮಾತಿದು. ಕೇಂಬ್ರಿಜ್ಜಿನ ಶಿಬಿರಕ್ಕೂ ಇದಕ್ಕೂ ನಂಟಿದೆ ಎಂದು ಹೊಳೆಯಲು ಇನ್ನೂ ಬಹಳ ವರ್ಷ ಬೇಕಾಯಿತು.

ಆರೆಗಾನ್ ರಾಜ್ಯದ ಯೂಜೀನ್ ಎಂಬ ಊರು. ಅಲ್ಲೊಂದು ಸಂಶೋಧನಾ ಕೇಂದ್ರ. ಜೆರಾಲ್ಡ್ ಪ್ಯಾಟರ್‌ಸನ್ ಎಂಬ ಮನೋವಿಜ್ಞಾನಿ ಅಲ್ಲಿ ತಾಯಿ ಮಕ್ಕಳ ಜಗಳಗಳನ್ನು ನಿಮಿಷ ನಿಮಿಷ ಗುರುತು ಹಾಕಿಕೊಳ್ಳುತ್ತ ಕೂತಿದ್ದರು. ಅವರ ಗರಡಿಯಲ್ಲಿ ಪಳಗಿದವರು ಟಾಮ್ ಡಿಷನ್. ಅಪರಾಧ ಹೆಚ್ಚಿರುವ ಬಡಾವಣೆಗಳಿಂದ ಆರಿಸಿದ 206 ಹುಡುಗರನ್ನು ಒಂಬತ್ತು ಹತ್ತರ ವಯಸ್ಸಿನಿಂದ ವರ್ಷ ವರ್ಷ ಹಿಂಬಾಲಿಸುವ ಕೆಲಸ ಎಂಬತ್ತರ ದಶಕದಲ್ಲಿ ಶುರುವಾಗಿತ್ತು. ಹುಡುಗರಿಗೆ ಹದಿಮೂರು ಹದಿನಾಲ್ಕಾದಾಗ ಡಿಷನ್ ಬಳಗ ಒಂದು ಸರಳ ಕೆಲಸ ಮಾಡಿತು. ನಿನ್ನ ಹತ್ತಿರದ ಗೆಳೆಯನನ್ನು ಕರೆದುಕೊಂಡು ಬಾ ಎಂದಿತು.

ಇಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ವಿಡಿಯೊ ಕ್ಯಾಮೆರಾ ಓಡಿಸಿ, ಇಪ್ಪತ್ತೈದು ನಿಮಿಷ ಮಾತಾಡಲು ಬಿಟ್ಟರು. ಮುಂದಿನ ವಾರ ಇಬ್ಬರೂ ಸೇರಿ ಏನಾದರೂ ಮಾಡುವುದಾದರೆ ಏನು ಮಾಡುತ್ತೀರಿ? ಅಪ್ಪ ಅಮ್ಮನ ಜತೆ ಇರುವ ತಕರಾರು ಹೇಗೆ ಬಗೆಹರಿಸುತ್ತೀರಿ? ಇಂಥ ಸಾದಾ ವಿಷಯಗಳು. ಆಮೇಲೆ ಆ ಟೇಪುಗಳನ್ನು ನೋಡಿ ಗುರುತು ಹಾಕುವ ಕೆಲಸ. ಆಡಿದ ಮಾತು ಎರಡೇ ಬಗೆ: ನಿಯಮ ಮುರಿಯುವ ಮಾತು, ಮಾಮೂಲಿ ಮಾತು. ಅದಕ್ಕೆ ಗೆಳೆಯನ ಪ್ರತಿಕ್ರಿಯೆಯೂ ಎರಡೇ ಬಗೆ: ನಗು, ಇಲ್ಲವೇ ಸುಮ್ಮನಿರುವುದು.

ಒಬ್ಬ ಹುಡುಗ ಮೇಷ್ಟ್ರ ಕಾರಿನ ಚಕ್ರದ ಗಾಳಿ ತೆಗೆದದ್ದನ್ನು ಹೇಳಿದ ಎಂದಿಟ್ಟುಕೊಳ್ಳಿ. ಪುಂಡಾಟಕ್ಕೆ ಇಳಿಯದ ಜೋಡಿಯಲ್ಲಿ ಆ ಮಾತು ಬಿದ್ದಲ್ಲೇ ಸತ್ತುಹೋಗುತ್ತದೆ. ಗೆಳೆಯ ಹೂಂ ಎನ್ನುವುದಿಲ್ಲ, ಮಾತು ಬಾಸ್ಕೆಟ್‌ಬಾಲ್ ಕಡೆ ಹೊರಳುತ್ತದೆ, ನಗು ಅಲ್ಲಿ ಬರುತ್ತದೆ. ಆಗಲೇ ತಂಟೆಗೆ ಬಿದ್ದ ಇಬ್ಬರ ಜೋಡಿಯಲ್ಲಿ ಉಲ್ಟಾ. ಬಾಸ್ಕೆಟ್‌ಬಾಲಿಗೆ ಮೌನ, ಗಾಳಿ ತೆಗೆದದ್ದಕ್ಕೆ ಬಿದ್ದು ಬಿದ್ದು ನಗು. ನಕ್ಕದ್ದೇ ತಡ, ಇನ್ನೊಂದು ಅಂಥದೇ ಮಾತು. ಯಾವ ಮಾತಿಗೆ ಎಷ್ಟು ನಗು ಸಿಗುತ್ತದೋ ಆ ಮಾತಿಗೆ ಅಷ್ಟು ಹೊತ್ತು ಸಲ್ಲುತ್ತದೆ ಎಂಬ ಲೆಕ್ಕ ಅಚ್ಚುಕಟ್ಟಾಗಿ ಕೂತುಕೊಂಡಿತು. ಯಾರ ಜೋಡಿಯಲ್ಲಿ ಹೀಗೆ ನಗು ಸುತ್ತುತ್ತಿತ್ತೋ ಅವರಲ್ಲಿ ಮುಂದಿನ ವರ್ಷಗಳಲ್ಲಿ ಸಿಗರೇಟು, ಗಾಂಜಾ, ಅಪರಾಧ ಹೆಚ್ಚಿದವು. ಹಿಂದೆ ಅವರೆಷ್ಟು ತಂಟೆ ಮಾಡಿದ್ದರು ಎಂಬುದನ್ನು ಲೆಕ್ಕದಿಂದ ಕಳೆದ ಮೇಲೂ ಇದು ಉಳಿಯಿತು. 1996ರಲ್ಲಿ ಅಚ್ಚಾದ ಈ ಕೆಲಸ ನನ್ನ ಮಟ್ಟಿಗೆ ಇಡೀ ಕತೆಯ ಹೃದಯ. ಸಹವಾಸ ದೋಷ ಎಂದು ನಮ್ಮ ಮನೆಗಳಲ್ಲಿ ಲಾಗಾಯ್ತಿನಿಂದ ಹೇಳುತ್ತಲೇ ಬಂದಿದ್ದಾರೆ. ಆ ದೋಷ ಸೆಕೆಂಡು ಸೆಕೆಂಡಿಗೆ ಹೇಗೆ ದಾಟುತ್ತದೆ ಎಂದು ಕಣ್ಣಾರೆ ಕಂಡವರು ಇವರು. ಬೆದರಿಕೆಯಿಲ್ಲ, ಬಲವಂತವಿಲ್ಲ, ಆಮಿಷವೂ ಇಲ್ಲ. ಒಬ್ಬ ನಗುತ್ತಾನೆ, ಅಷ್ಟೆ.

ಅದೇ ಹೊತ್ತಿಗೆ ಡಿಷನ್ ಬಳಗಕ್ಕೆ ತಮ್ಮದೇ ಯೋಜನೆಯಿಂದ ಒಂದು ಪೆಟ್ಟು ಬಿದ್ದಿತ್ತು. ಹನ್ನೊಂದರಿಂದ ಹದಿನಾಲ್ಕು ವರ್ಷದ, ದಾರಿ ತಪ್ಪುವ ಲಕ್ಷಣವಿದ್ದ 119 ಮಕ್ಕಳ ಮೇಲೆ ಅವರು ಕೆಲವು ಕ್ರಮಗಳನ್ನು ಪರೀಕ್ಷಿಸುತ್ತಿದ್ದರು. ಒಂದು ಕಡೆ ತಂದೆತಾಯಿಗೆ ತರಬೇತಿ. ಇನ್ನೊಂದು ಕಡೆ ಮಕ್ಕಳನ್ನೇ ಗುಂಪು ಕೂರಿಸಿ, ಗುರಿ ಇಟ್ಟುಕೊಳ್ಳುವುದು, ಕೋಪ ತಡೆಯುವುದು, ಒಳ್ಳೆಯ ಗೆಳೆಯರನ್ನು ಆರಿಸುವುದು ಇತ್ಯಾದಿ ಪಾಠ. ನುರಿತ ಹಿರಿಯರು ಮುಂದೆ ಕೂತು ನಡೆಸಿದ ಪಾಠ. ಮಕ್ಕಳಿಗೂ ಇಷ್ಟವಾಗಿತ್ತು. ವರ್ಷ ಕಳೆದ ಮೇಲೆ ನೋಡಿದರೆ, ಗುಂಪಿನಲ್ಲಿ ಕೂತವರಲ್ಲಿ ಸಿಗರೇಟು ಸೇದುವುದು ಹೆಚ್ಚಿತ್ತು, ಶಾಲೆಯಲ್ಲಿ ತಂಟೆ ಹೆಚ್ಚಿತ್ತು ಎಂದು ಮೇಷ್ಟ್ರುಗಳೇ ಹೇಳಿದರು. ಮೂರು ವರ್ಷವಾದರೂ ಅದು ಆರಲಿಲ್ಲ. ಆ ತರಗತಿಗಳ ಟೇಪುಗಳನ್ನು ಮತ್ತೆ ಹಾಕಿ ನೋಡಿದಾಗ ಕಂಡದ್ದು: ಪಾಠ ಶುರುವಾಗುವ ಮೊದಲು, ಮುಗಿದ ಮೇಲೆ, ನಡುವಿನ ಬಿಡುವಿನಲ್ಲಿ, ಹಿರಿಯರು ಕಾಗದ ಜೋಡಿಸಿಕೊಳ್ಳುವಾಗ, ಅದೇ ನಗು.

ಮೆಕಾರ್ಡ್‌ಗೆ ಬೇಸಿಗೆ ಶಿಬಿರದಲ್ಲಿ ಸಿಗದಿದ್ದ ತುಣುಕು ಇದು. 1999ರಲ್ಲಿ ಡಿಷನ್, ಮೆಕಾರ್ಡ್, ಫ್ರಾಂಸ್ವಾ ಪುಲ್ಯಾಂ ಮೂವರೂ ಸೇರಿ ಬರೆದ ಲೇಖನದಲ್ಲಿ ಕೇಂಬ್ರಿಜ್ಜಿನ ಶಿಬಿರವನ್ನೂ ಆರೆಗಾನಿನ ತರಗತಿಯನ್ನೂ ಅಕ್ಕಪಕ್ಕ ಇಟ್ಟರು. ಕ್ಯಾಬಟ್ ಇದ್ದಿದ್ದರೆ ಮೆಚ್ಚುತ್ತಿದ್ದರು ಅನ್ನಿಸುತ್ತದೆ. ಇದೂ ಒಂದು ಬಗೆಯ ಶವಪರೀಕ್ಷೆಯೇ.

ತಕರಾರು ಏಳದೆ ಇರಲಿಲ್ಲ. ಗುಂಪಿನಲ್ಲಿ ನಡೆಸಿದ ಹಲವಾರು ಯೋಜನೆಗಳನ್ನು ಒಟ್ಟುಹಾಕಿ ನೋಡಿದ ಕೆಲವರು, ಎಲ್ಲ ಕಡೆಯೂ ಹಾನಿ ಕಾಣುವುದಿಲ್ಲ, ಕಟ್ಟುನಿಟ್ಟಾಗಿ ನಡೆಸಿದರೆ ಗುಂಪಿನಿಂದಲೂ ಒಳ್ಳೆಯದಾಗುತ್ತದೆ ಎಂದರು. ನ್ಯಾಯವಾದ ಮಾತೇ. ಆದರೂ ಟೇಪುಗಳಲ್ಲಿ ಕಂಡ ನಗುವನ್ನು ಅದು ಅಳಿಸುವುದಿಲ್ಲ.

ಇಷ್ಟಾದರೂ ಒಂದು ಪ್ರಶ್ನೆ ಬಾಕಿ. ನಗು ಎಲ್ಲ ಹುಡುಗರಿಗೂ ಬೇಕು. ಕೆಲವರು ಮಾತ್ರ ಅದಕ್ಕಾಗಿ ಅಲ್ಲಿಗೇ ಯಾಕೆ ಹೋಗುತ್ತಾರೆ?

ಉತ್ತರ ಅದೇ 206 ಹುಡುಗರ ಹಳೆಯ ದಾಖಲೆಯಲ್ಲಿತ್ತು. ಮಕ್ಕಳು ಒಬ್ಬನನ್ನು ಎಷ್ಟು ದೂರವಿಟ್ಟಿದ್ದಾರೆ ಎಂದು ಅಳೆಯಲು ಮನೋವಿಜ್ಞಾನಿಗಳು ತರಗತಿಯ ಮಕ್ಕಳನ್ನೇ ಕೇಳುತ್ತಾರೆ: ನಿನಗೆ ಯಾರ ಜತೆ ಆಡಲು ಇಷ್ಟ, ಯಾರ ಜತೆ ಇಷ್ಟವಿಲ್ಲ? ಮೊದಲ ಪ್ರಶ್ನೆಗೆ ಯಾರೂ ಹೇಳದ, ಎರಡನೆಯದಕ್ಕೆ ಎಲ್ಲರೂ ಹೇಳುವ ಹೆಸರೊಂದು ಸಾಮಾನ್ಯವಾಗಿ ಪ್ರತಿ ತರಗತಿಯಲ್ಲೂ ಇರುತ್ತದೆ. ಹತ್ತರ ವಯಸ್ಸಿನಲ್ಲಿ ಹೀಗೆ ತಿರಸ್ಕೃತನಾಗಿ, ಪಾಠದಲ್ಲೂ ಹಿಂದೆ ಬಿದ್ದವನು ಹನ್ನೆರಡರ ಹೊತ್ತಿಗೆ ಪುಂಡರ ಜತೆ ಇರುವ ಸಂಭವ ಹೆಚ್ಚು ಎಂದು ಡಿಷನ್, ಪ್ಯಾಟರ್‌ಸನ್ 1991ರಲ್ಲಿ ತೋರಿಸಿದರು. 2005ರಲ್ಲಿ ಡಿಷನ್ ಮತ್ತಿಬ್ಬರು ಇನ್ನೊಂದು ದೊಡ್ಡ ಗುಂಪಿನ ಮಕ್ಕಳಲ್ಲಿ ನೇರವಾಗಿ ಗ್ಯಾಂಗನ್ನೇ ನೋಡಿದರು. ಆರನೆಯ ತರಗತಿಯಲ್ಲಿ ಸಹಪಾಠಿಗಳ ತಿರಸ್ಕಾರ, ಓದಿನಲ್ಲಿ ಸೋಲು, ಪುಂಡಾಟ ಈ ಮೂರೂ ಸೇರಿ ಎಂಟನೆಯ ತರಗತಿಯ ಹೊತ್ತಿಗೆ ಯಾರು ಗ್ಯಾಂಗಿನ ಕಡೆ ಇರುತ್ತಾರೆಂದು ಮುಂಚಿತವಾಗಿ ಹೇಳುತ್ತಿದ್ದವು. ಗೆಳೆಯರನ್ನು ಆರಿಸಿಕೊಳ್ಳಿ ಎಂದು ನಾವು ಮಕ್ಕಳಿಗೆ ಬುದ್ಧಿ ಹೇಳುತ್ತೇವೆ. ಬೆಂಚಿನಲ್ಲಿ ಪಕ್ಕ ಕೂರಲು ಯಾರೂ ಬಿಡದವನಿಗೆ ಆರಿಸಿಕೊಳ್ಳುವ ಐಶ್ವರ್ಯ ಎಲ್ಲಿಯದು? ಅವನಿಗೆ ಉಳಿದಿರುವವರು ಅವನಂತೆಯೇ ಹೊರಗೆ ಬಿದ್ದವರು. ಅವರು ಪರಸ್ಪರ ಆರಿಸಿಕೊಂಡದ್ದಕ್ಕಿಂತ ಉಳಿದವರೆಲ್ಲ ಸೇರಿ ಅವರನ್ನು ಒಂದು ಮೂಲೆಗೆ ತಳ್ಳಿದ್ದೇ ಹೆಚ್ಚು.

ಹೊರಗೆ ಬೀಳುವುದು ಅಷ್ಟೊಂದು ನೋಯುತ್ತದೆಯೇ? ಇದನ್ನು ಕಂಡುಕೊಂಡವರ ಕತೆ ಚಿಕ್ಕದು, ಸ್ವಲ್ಪ ತಮಾಷೆಯದು. ಎಂಬತ್ತರ ದಶಕದಲ್ಲಿ ಅಯೋವಾ ರಾಜ್ಯದಲ್ಲಿ ಪಾಠ ಹೇಳುತ್ತಿದ್ದ ಕಿಪ್ಲಿಂಗ್ ವಿಲಿಯಮ್ಸ್ ನಾಯಿಯ ಜತೆ ಪಾರ್ಕಿನಲ್ಲಿ ಕೂತಿದ್ದಾಗ ಒಂದು ಫ್ರಿಸ್ಬಿ ತಟ್ಟೆ ಬಂದು ಬೆನ್ನಿಗೆ ಬಡಿಯಿತು. ಎತ್ತಿ, ಆಡುತ್ತಿದ್ದ ಇಬ್ಬರಿಗೆ ವಾಪಸು ಎಸೆದರು. ಅವರು ಮತ್ತೆ ಇವರತ್ತ ಎಸೆದರು. ಕೆಲವು ಸುತ್ತು ಮೂವರೂ ಆಡಿದರು. ಆಮೇಲೆ ಇದ್ದಕ್ಕಿದ್ದಂತೆ ಅವರಿಬ್ಬರೇ ತಮ್ಮತಮ್ಮಲ್ಲೇ ಆಡಿಕೊಂಡರು. ಗುರುತು ಪರಿಚಯವಿಲ್ಲದ ಇಬ್ಬರು ತಟ್ಟೆ ಎಸೆಯದಿದ್ದಕ್ಕೆ ತನಗೆ ಇಷ್ಟು ಸಂಕಟವೇಕೆ ಎಂದು ಅವರಿಗೇ ಆಶ್ಚರ್ಯವಾಯಿತು. ಅದನ್ನೇ ಪ್ರಯೋಗ ಮಾಡಿದರು. ಮೊದಲು ಕೋಣೆಯಲ್ಲಿ ನಿಜವಾದ ಚೆಂಡು, ಆಮೇಲೆ ಕಂಪ್ಯೂಟರಿನ ಪರದೆಯ ಮೇಲೆ ಮೂರು ಗೊಂಬೆ, ಒಂದು ಚೆಂಡು. ಇದೇ ಸೈಬರ್‌ಬಾಲ್. 2000ದಲ್ಲಿ ಪ್ರಕಟವಾದ ಮೊದಲ ದೊಡ್ಡ ಪ್ರಯೋಗದಲ್ಲಿ 62 ದೇಶಗಳ 1,486 ಮಂದಿ ಇಂಟರ್‌ನೆಟ್ಟಿನಲ್ಲಿ ಅದನ್ನು ಆಡಿದರು. ಚೆಂಡು ಬರದವರಿಗೆ ತಾನು ಯಾರಿಗೂ ಸೇರದವನು, ತನ್ನ ಕೈಯಲ್ಲಿ ಏನೂ ಇಲ್ಲ, ತಾನಿದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂಬ ಭಾವ.

ವಿಲಿಯಮ್ಸ್ ಆಗ ಆಸ್ಟ್ರೇಲಿಯಾದಲ್ಲಿದ್ದರು. ನೋವು ಯಾವಾಗ ನಿಲ್ಲುತ್ತದೆ ಎಂದು ಹುಡುಕುತ್ತ ಅವರ ಬಳಗ ಆಟವನ್ನು ತಿರುಚುತ್ತ ಹೋಯಿತು. ಚೆಂಡು ಎಸೆಯದಿರುವುದು ಮನುಷ್ಯರಲ್ಲ, ಯಂತ್ರ ಎಂದು ಮೊದಲೇ ಹೇಳಿದರೂ ನೋವು ಇಳಿಯಲಿಲ್ಲ. 2007ರ ಪ್ರಯೋಗದಲ್ಲಿ, ಎದುರು ಆಡುತ್ತಿರುವವರು ಜನಾಂಗದ್ವೇಷಿ ಕು ಕ್ಲಕ್ಸ್ ಕ್ಲಾನ್ ಸಂಘಟನೆಯವರು ಎಂದು ಹೇಳಿದರು. ಅವರನ್ನು ಕಂಡರೆ ಅಸಹ್ಯಪಡುವವರಿಗೂ ಅವರು ಚೆಂಡು ಕೊಡದಿದ್ದಾಗ ಅಷ್ಟೇ ನೋವಾಯಿತು. ಹೊರಗಿಟ್ಟರು ಎಂದು ಒಳಗಿನ ಗಂಟೆ ಬಾರಿಸುವಾಗ, ಇಟ್ಟವರು ಯಾರು, ಅವರ ಯೋಗ್ಯತೆ ಏನು ಎಂದು ಅದು ವಿಚಾರಿಸುವುದಿಲ್ಲ. ಒಳಗೆ ಕರೆದವರ ವಿಚಾರದಲ್ಲೂ ಅದು ಹಾಗೆಯೇ ಇರಬೇಕು ಎಂಬುದು ನನ್ನ ಊಹೆ. (ಈ ನೋವಿನ ಹೊತ್ತಿನ ಮಿದುಳಿನ ಚಿತ್ರ ತೆಗೆದು, ಇದು ಮೈಯ ನೋವಿನದ್ದೇ ಜಾಗ ಎಂದು 2003ರಲ್ಲಿ ಬರೆದದ್ದು ತುಂಬ ಸುದ್ದಿಯಾಯಿತು. ಹತ್ತು ಹನ್ನೊಂದು ವರ್ಷದಲ್ಲಿ ಬೇರೆಯವರು ಅದರಲ್ಲಿ ಹುಳುಕು ತೋರಿಸಿದರು. ನೋವು ನಿಜ ಎನ್ನಲು ಮಿದುಳಿನ ಫೋಟೊ ಬೇಕೆಂದು ನನಗೇನೂ ಅನ್ನಿಸುವುದಿಲ್ಲ.) ಲಂಡನ್ನಿನಲ್ಲಿ ಸಾರಾ ಜೇನ್ ಬ್ಲೇಕ್‌ಮೋರ್ ಬಳಗ ಇದೇ ಆಟವನ್ನು ಹನ್ನೊಂದರಿಂದ ಹದಿನೈದು ವರ್ಷದ ಹುಡುಗಿಯರಿಗೆ ಆಡಿಸಿ 2010ರಲ್ಲಿ ಬರೆದ ಪ್ರಕಾರ, ಚೆಂಡು ಸಿಗದಾಗ ಅವರ ಮನಸ್ಸು ದೊಡ್ಡ ಹೆಂಗಸರಿಗಿಂತ ಹೆಚ್ಚು ಕುಸಿಯುತ್ತಿತ್ತು.

ಗ್ಯಾಂಗಿಗೆ ಸೇರಿದ ಮೇಲಾದರೂ ಆ ನೋವು ಆರುತ್ತದೆಯೇ ಎಂದರೆ, ಕಾಣುವ ಚಿತ್ರ ಕರಾಳ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರಿನಲ್ಲಿ ಟೆರೆನ್ಸ್ ಥಾರ್ನ್‌ಬೆರಿ 1988ರಿಂದ ಸಾವಿರ ಮಕ್ಕಳನ್ನು ಹಿಂಬಾಲಿಸಿ ಕಂಡದ್ದು: ಹುಡುಗ ಗ್ಯಾಂಗಿನಲ್ಲಿದ್ದಷ್ಟು ದಿನ ಅಪರಾಧ ಏರುತ್ತದೆ, ಬಿಟ್ಟ ಮೇಲೆ ಇಳಿಯುತ್ತದೆ. ಕೆಟ್ಟವರು ಸೇರಿ ಗ್ಯಾಂಗು ಕಟ್ಟುತ್ತಾರೆ ಎಂಬ ವಿವರಣೆ ಅರ್ಧವನ್ನಷ್ಟೇ ಹೇಳುತ್ತದೆ. ಬ್ರಿಟನ್ನಿನಲ್ಲಿ ಮನೋವೈದ್ಯ ಜೆರೆಮಿ ಕೋಯ್ಡ್ 18ರಿಂದ 34 ವರ್ಷದ 4,664 ಗಂಡಸರನ್ನು ವಿಚಾರಿಸಿ 2013ರಲ್ಲಿ ಬರೆದ ಅಧ್ಯಯನದಲ್ಲಿ 108 ಮಂದಿ ಗ್ಯಾಂಗಿನವರಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆತಂಕದ ಕಾಯಿಲೆ. ನಾಲ್ವರಲ್ಲಿ ಒಬ್ಬನಿಗೆ ತೀವ್ರ ಮನೋರೋಗದ ಲಕ್ಷಣ. ಮೂವರಲ್ಲಿ ಒಬ್ಬ ಆತ್ಮಹತ್ಯೆಗೆ ಯತ್ನಿಸಿದ್ದವನು. ಪೊಲೀಸ್ ಠಾಣೆಯಲ್ಲಿ ರೌಡಿ ಎಂದು ಕಾಣುವ ಅದೇ ಮನುಷ್ಯ ಆಸ್ಪತ್ರೆಯ ಬಾಗಿಲಲ್ಲಿ ನಿಂತರೆ ರೋಗಿಯಾಗಿ ಕಾಣಬೇಕಾದವನು. ಸಾಮಾನ್ಯವಾಗಿ ಅವನು ಆ ಬಾಗಿಲಿಗೆ ಬರುವುದಿಲ್ಲ. ಬಂದರೂ ಕೈಗೆ ಕೋಳ ಹಾಕಿಸಿಕೊಂಡೇ ಬರುತ್ತಾನೆ.

ಅಪರಾಧಕ್ಕಿಳಿದ ಮಕ್ಕಳ ವಿಚಾರದಲ್ಲಿ ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆ, ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕಟ್ಟಕಡೆಯ ದಾರಿಯಾಗಬೇಕು ಎನ್ನುತ್ತದೆ. ವೀಕ್ಷಣಾಲಯದಲ್ಲಿ ಇಡಲೇಬೇಕಾದರೆ ವಯಸ್ಸು, ಅಪರಾಧದ ತೀವ್ರತೆ ನೋಡಿ ಬೇರ್ಪಡಿಸಿ ಇಡಬೇಕು ಎಂದೂ ಹೇಳುತ್ತದೆ. ಒಳ್ಳೆಯ ಮಾತುಗಳೇ. ಜೇಬುಗಳ್ಳತನಕ್ಕೆ ಬಂದವನೂ ಚಾಕು ಹಾಕಿ ಬಂದವನೂ ಸಂಜೆ ಆರರಿಂದ ಒಂಬತ್ತರವರೆಗೆ ಒಂದೇ ಟಿವಿಯ ಮುಂದೆ ಕೂರುವಂತಾದರೆ, ಅಲ್ಲಿ ಯಾರ ಮಾತಿಗೆ ಯಾರು ನಗುತ್ತಾರೆ ಎಂದು ನೋಡಲು ಕಾಯ್ದೆಗೆ ಕಣ್ಣಿಲ್ಲ.

ಆರೆಗಾನಿನವರು ಇದಕ್ಕೊಂದು ಉಪಾಯ ಹುಡುಕಿದ್ದರು, ಅದೂ ಡಿಷನ್ ಟೇಪು ನೋಡುವ ಮೊದಲೇ. ಪ್ಯಾಟ್ರೀಷಿಯಾ ಚೇಂಬರ್ಲಿನ್ 1983ರಿಂದ ಅಪರಾಧಕ್ಕಿಳಿದ ಹುಡುಗರನ್ನು ಒಂದು ಮನೆಗೆ ಒಬ್ಬನೇ ಎಂಬಂತೆ, ತರಬೇತಿ ಪಡೆದ ಸಾಕುಕುಟುಂಬಗಳಲ್ಲಿ ಇರಿಸುವ ಪದ್ಧತಿ ಕಟ್ಟಿದರು. 79 ಹುಡುಗರ ಮೇಲೆ ನಡೆಸಿ 1998ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಗುಂಪುನಿವಾಸಕ್ಕೆ ಹೋದವರಿಗಿಂತ ಸಾಕುಮನೆಗೆ ಹೋದವರು ಕಡಿಮೆ ಸಲ ಓಡಿಹೋದರು, ಕಡಿಮೆ ಸಲ ಪೊಲೀಸರ ಕೈಗೆ ಸಿಕ್ಕಿದರು. ಸಾಕುಮನೆಯ ಒಳಗೆ ಪವಾಡವೇನೂ ಇರಲಿಲ್ಲ. ಬೆಳಿಗ್ಗೆ ಹೇಳಿದ ಹೊತ್ತಿಗೆ ಎದ್ದರೆ ಅಂಕ, ಹಾಸಿಗೆ ಮಡಿಸಿದರೆ ಅಂಕ, ಶಾಲೆಯ ಚೀಟಿ ತಂದರೆ ಅಂಕ. ಅಂಕ ಕೂಡಿದರೆ ಹೊರಗೆ ಹೋಗಲು ಬಿಡುವು. ಹುಡುಗ ಎಲ್ಲಿದ್ದಾನೆ, ಯಾರ ಜತೆ ಇದ್ದಾನೆ ಎಂಬುದು ಮನೆಯ ದೊಡ್ಡವರಿಗೆ ಸದಾ ಗೊತ್ತಿರಬೇಕು. ಯೋಜನೆಯವರು ದಿನವೂ ಫೋನು ಮಾಡಿ ಇವತ್ತು ಹೇಗಿತ್ತು ಎಂದು ವಿಚಾರಿಸುತ್ತಿದ್ದರು. ಯಾವುದರಿಂದ ಫಲ ಬಂತು ಎಂದು ಆಮೇಲೆ ಲೆಕ್ಕ ಹಾಕಿದಾಗ ಮೇಲೆ ಬಂದವು ಇವು: ಒಬ್ಬ ಹಿರಿಯರ ಜತೆ ಗಟ್ಟಿ ನಂಟು, ಬಿಗಿಯಾದರೂ ನ್ಯಾಯವಾದ ಶಿಸ್ತು, ಕಣ್ಗಾವಲು, ಪುಂಡ ಗೆಳೆಯರಿಂದ ದೂರ. ಒಬ್ಬ ಹುಡುಗನಿಗೆ ಒಬ್ಬ ಹಿರಿಯ ಎಂಬುದು ಕ್ಯಾಬಟ್‌ ಯೋಜನೆಯಲ್ಲೂ ಇತ್ತು. ಅಲ್ಲಿನ ಹಿರಿಯ ತಿಂಗಳಿಗೆರಡು ಸಲ ಬಂದು ಹೋಗುತ್ತಿದ್ದ, ಬೇಸಿಗೆಯಲ್ಲಿ ಹುಡುಗನನ್ನು ಶಿಬಿರದ ಬಸ್ಸು ಹತ್ತಿಸುತ್ತಿದ್ದ.